ರೂಟ್ ಕೆನಾಲ್ ಮಾಡಿಸೋದಾ, ಹಲ್ಲು ಕೀಳಿಸೋದಾ? ಶುಗರ್ ಇರುವ ತಾಯಿಯ ದವಡೆ ಹಲ್ಲಿನ ಪ್ರಶ್ನೆ

ಪ್ರಶ್ನೆ: ನಮ್ಮ ತಾಯಿಗೆ 57 ವರ್ಷ, ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿದ್ದಾರೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅವರಿಗೆ ಎಂಟು ವರ್ಷದಿಂದ ಶುಗರ್ ಇದೆ, ಬಿಪಿಗೂ ಮಾತ್ರೆ ತಗೋತಾರೆ. ಎಡಗಡೆ ಕೆಳಗಿನ ಮೊದಲನೇ ದವಡೆ ಹಲ್ಲು ನಾಲ್ಕು ತಿಂಗಳಿಂದ ಕಾಡುತ್ತಿದೆ. ಮೊದಲು ತಣ್ಣೀರು ಕುಡಿದರೆ ಜುಮ್ ಅನ್ನುತ್ತಿತ್ತು. ಆಮೇಲೆ ಬಿಸಿ ಕಾಫಿಗೂ ನೋವು ಶುರುವಾಯಿತು. ರಾತ್ರಿ ಮಲಗಿದರೆ ಕಿವಿವರೆಗೂ ಸೆಳೆತ. ಯಾರೋ ಹೇಳಿದರು ಅಂತ ಊರಲ್ಲೇ ಹೊಗೆ ಹಾಕಿಸಿಕೊಂಡರು, ಎರಡು ಹುಳ ಬಿತ್ತಂತೆ. ಮೆಡಿಕಲ್ ಸ್ಟೋರ್‌ನಲ್ಲಿ ಕೊಟ್ಟ ಆಂಟಿಬಯಾಟಿಕ್ ಐದು ದಿನ ನುಂಗಿದ ಮೇಲೆ ನೋವು ಪೂರ್ತಿ ನಿಂತಿತು. ಒಂದು ತಿಂಗಳು ಆರಾಮಾಗಿದ್ದರು. ಈಗ ಆ ಕಡೆ ಅಗಿದರೆ ನೋವು, ಹಲ್ಲು ಎತ್ತರ ಆದ ಹಾಗೆ ಅನ್ನಿಸುತ್ತದಂತೆ. ರೊಟ್ಟಿ ಬಿಟ್ಟಿದ್ದಾರೆ, ನುಂಗಬಹುದು ಅಂತ ಎರಡು ಹೊತ್ತೂ ಮುದ್ದೆಯೇ. ಅರಸೀಕೆರೆಯಲ್ಲಿ ಒಬ್ಬ ಡಾಕ್ಟರು ರೂಟ್ ಕೆನಾಲ್‌ಗೆ 4,500, ಕ್ಯಾಪ್‌ಗೆ 4,000 ರೂಪಾಯಿ ಹೇಳಿದರು. ಹಾಸನದಲ್ಲಿ ಇನ್ನೊಬ್ಬರು ರೂಟ್ ಕೆನಾಲ್‌ಗೆ 5,000, ಹದಿನೈದು ವರ್ಷ ವಾರಂಟಿ ಇರುವ ಕ್ಯಾಪ್‌ಗೆ 12,000 ಅಂದರು. ನಮ್ಮ ಸೋದರಮಾವ, ಐನೂರು ಕೊಟ್ಟು ಕೀಳಿಸಿ ಬಿಸಾಕು ಅನ್ನುತ್ತಾರೆ. ಪಕ್ಕದ ಮನೆಯವರು ರೂಟ್ ಕೆನಾಲ್ ಮಾಡಿಸಿದ ಹಲ್ಲು ಎರಡೇ ವರ್ಷದಲ್ಲಿ ಮುರಿದುಹೋಯಿತು. ಅಮ್ಮನಿಗೆ ಹೋದ ವರ್ಷ ಕಣ್ಣಿನ ಪೊರೆ ಆಪರೇಷನ್ ಆಗಿದೆ. ಹಲ್ಲಿಗೆ ಕೈ ಹಾಕಿದರೆ ಕಣ್ಣಿಗೆ ತೊಂದರೆ, ಶುಗರ್‌ಗೆ ಗಾಯ ಮಾಯುವುದಿಲ್ಲ ಅಂತ ಹೆದರಿದ್ದಾರೆ. ರೂಟ್ ಕೆನಾಲ್‌ನಿಂದ ಕ್ಯಾನ್ಸರ್ ಬರುತ್ತದೆ ಅಂತ ವಾಟ್ಸಾಪ್ ವಿಡಿಯೋ ಬೇರೆ ನೋಡಿದ್ದಾರೆ. ಏನು ಮಾಡುವುದು?

ಉತ್ತರ: ದುಡ್ಡು ಹಾಕಿದ ಮೇಲೆ ಹಲ್ಲು ಉಳಿಯುತ್ತದಾ, ಶುಗರ್ ಇರುವವರಿಗೆ ಇದೆಲ್ಲ ಸುರಕ್ಷಿತವಾ, ಇಬ್ಬರು ಡಾಕ್ಟರು ಎರಡು ರೇಟು ಹೇಳಿದರೆ ಯಾರನ್ನು ನಂಬಬೇಕು. ನಿಮ್ಮ ಪತ್ರದಲ್ಲಿ ನನಗೆ ಕಂಡ ಚಿಂತೆಗಳು ಇವು. ಎಲ್ಲದಕ್ಕೂ ಉತ್ತರ ಇದೆ. ಅದಕ್ಕಿಂತ ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಮಾತ್ರೆ ತಗೊಂಡು ಆರಾಮಾಗಿದ್ದ ಆ ಒಂದು ತಿಂಗಳು ನಿಮ್ಮ ತಾಯಿಯ ಹಲ್ಲು ವಾಸಿಯಾಗಿರಲಿಲ್ಲ. ಆ ಹೊತ್ತಿಗೆ ಹಲ್ಲಿನ ನರ ಸತ್ತಿರುವ ಸಾಧ್ಯತೆಯೇ ಜಾಸ್ತಿ. ಹಾಗಾಗಿ ಇನ್ನು ಕಾಯಬೇಡಿ.

ಹೀಗೆ ಹೇಳುವುದಕ್ಕೆ ಕಾರಣ, ನೀವು ಬರೆದಿರುವ ನೋವಿನ ಕ್ರಮ. ಹಲ್ಲಿನ ಹೊರಗಿನ ಪದರ ಎನಾಮಲ್. ನಮ್ಮ ಮೈಯಲ್ಲಿ ಅದಕ್ಕಿಂತ ಗಟ್ಟಿ ವಸ್ತು ಇನ್ನೊಂದಿಲ್ಲ. ಅದಕ್ಕೆ ನೋವು ಗೊತ್ತಾಗುವುದಿಲ್ಲ. ಹುಳುಕು ಅದನ್ನು ದಾಟಿ ಒಳಗಿನ ಡೆಂಟಿನ್ ಪದರಕ್ಕೆ ಬಂದಾಗ ತಣ್ಣೀರಿಗೆ, ಸಿಹಿಗೆ ಜುಮ್ ಅನ್ನುತ್ತದೆ. ಈ ಹಂತದಲ್ಲಿ ಬಂದಿದ್ದರೆ ಹುಳುಕು ತೆಗೆದು ಸಿಮೆಂಟ್ ತುಂಬಿಸಿದರೆ ಸಾಕಾಗುತ್ತಿತ್ತು. ನಮ್ಮ ಕಡೆ ಸಾವಿರ, ಸಾವಿರದೈನೂರರಲ್ಲಿ ಮುಗಿಯುವ ಕೆಲಸ.

ಬಿಸಿಗೆ ನೋವು, ತಾನಾಗೇ ಬರುವ ನೋವು, ರಾತ್ರಿ ಎಬ್ಬಿಸುವ ನೋವು ಶುರುವಾದರೆ ತೊಂದರೆ ಒಳಗಿನ ನರಕ್ಕೆ ತಲುಪಿದೆ ಅಂತ ಅರ್ಥ. ನಾವು ನರ ಅನ್ನುತ್ತೇವೆ, ಅಲ್ಲಿ ರಕ್ತನಾಳಗಳೂ ಇವೆ. ಬೇರೆ ಕಡೆ ಬಾವು ಬಂದರೆ ಊದಿಕೊಳ್ಳಲು ಜಾಗ ಇರುತ್ತದೆ. ಹಲ್ಲಿನೊಳಗೆ ಸುತ್ತ ಗಟ್ಟಿ ಗೋಡೆ. ಒತ್ತಡ ಹೊರಗೆ ಹೋಗುವ ದಾರಿಯಿಲ್ಲದೆ, ಸೀಟಿ ಕಟ್ಟಿಕೊಂಡ ಕುಕ್ಕರ್ ಥರ ಒಳಗೇ ಏರುತ್ತದೆ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಸ್ವಲ್ಪ ಹೆಚ್ಚುವುದರಿಂದ ರಾತ್ರಿ ಇನ್ನೂ ಜಾಸ್ತಿ. ಕೆಳದವಡೆಯ ನೋವು ಕಿವಿಗೆ ಹೋಗುವುದೂ ಮಾಮೂಲು. ಎರಡೂ ಕಡೆಯ ಸಂವೇದನೆ ಒಂದೇ ದೊಡ್ಡ ನರದ ಕವಲುಗಳಲ್ಲಿ ಹೋಗುತ್ತದೆ. ಕಿವಿ ಡಾಕ್ಟರ ಹತ್ತಿರ ಹೋಗಿ, ಅಲ್ಲಿಂದ ದಂತವೈದ್ಯರಾದ ನಮ್ಮ ಹತ್ತಿರ ಬರುವವರು ಎಷ್ಟೋ ಜನ.

ಆಮೇಲೆ ಒಂದು ದಿನ ನೋವು ಥಟ್ಟನೆ ನಿಲ್ಲುತ್ತದೆ. ನರ ಸತ್ತರೆ ನೋಯುವುದಕ್ಕೆ ಏನೂ ಉಳಿದಿರುವುದಿಲ್ಲ. ಆದರೆ ಬ್ಯಾಕ್ಟೀರಿಯಾಗಳು ಅಲ್ಲೇ ಇರುತ್ತವೆ. ನಿಧಾನಕ್ಕೆ ಬೇರಿನ ತುದಿ ದಾಟಿ ದವಡೆ ಮೂಳೆಗೆ ಇಳಿಯುತ್ತವೆ. ಅಲ್ಲಿ ಬಾವು ಬಂದಾಗ ಹಲ್ಲನ್ನು ಒಂದು ಕೂದಲೆಳೆಯಷ್ಟು ಮೇಲಕ್ಕೆ ತಳ್ಳುತ್ತದೆ. ಅಗಿದಾಗ ಆ ಹಲ್ಲೇ ಮೊದಲು ತಾಗುತ್ತದೆ. ನಿಮ್ಮ ತಾಯಿ 'ಎತ್ತರ ಆದ ಹಾಗೆ' ಅಂದದ್ದು ಸರಿಯಾಗೇ ಇದೆ.

ಆಂಟಿಬಯಾಟಿಕ್ ಮಾತ್ರೆ ಇಲ್ಲಿ ಗುಣ ಮಾಡುವುದಿಲ್ಲ. ಔಷಧಿ ತಲುಪಬೇಕಾದರೆ ರಕ್ತ ಓಡಾಡಬೇಕು. ನರ ಸತ್ತ ಹಲ್ಲಿನೊಳಗೆ ಅದು ಇಲ್ಲ. ಬೇರಿನ ಸುತ್ತಲಿನ ಸೋಂಕು ಸ್ವಲ್ಪ ತಗ್ಗಬಹುದು ಅಷ್ಟೇ, ಮೂಲ ಹಾಗೇ ಉಳಿಯುತ್ತದೆ. ಊತ, ಜ್ವರ ಇಲ್ಲದ ಬರೀ ಹಲ್ಲುನೋವಿಗೆ ಆಂಟಿಬಯಾಟಿಕ್ ಬೇಡ ಅಂತ ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2019ರಲ್ಲೇ ಸ್ಪಷ್ಟವಾಗಿ ಹೇಳಿದೆ. ಹಲ್ಲಿನ ಕೆಲಸ ಆಗುವವರೆಗೆ ಬೇಕಾದದ್ದು ನೋವಿನ ಮಾತ್ರೆ. ಅದರಲ್ಲೂ ನಿಮ್ಮ ತಾಯಿಗೆ ಶುಗರ್, ಬಿಪಿ ಎರಡೂ ಇರುವುದರಿಂದ ಡೈಕ್ಲೋಫಿನಾಕ್, ಐಬುಪ್ರೊಫೆನ್ ಥರದ್ದನ್ನು ಅಂಗಡಿಯಿಂದ ತಂದು ದಿನಗಟ್ಟಲೆ ನುಂಗಿಸಬೇಡಿ. ಕಿಡ್ನಿಗೆ ಭಾರ, ಬಿಪಿಯೂ ಏರಬಹುದು. ಲಿವರ್ ತೊಂದರೆ ಇಲ್ಲದಿದ್ದರೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಸುರಕ್ಷಿತ. ಉಳಿದದ್ದನ್ನು ಅವರ ಶುಗರ್ ಡಾಕ್ಟರನ್ನು ಕೇಳಿಯೇ ಕೊಡಿ.

ಹುಳದ ವಿಷಯ. ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ, ಹೊಗೆಯನ್ನು ಕೊಳವೆಯಲ್ಲಿ ಹಲ್ಲಿಗೆ ಬಿಡುವ ಪದ್ಧತಿ ನಮ್ಮ ಊರುಗಳಲ್ಲಿ ಹಳೆಯದು. ನಿಮ್ಮ ತಾಯಿಯ ಮೇಲೆ ಸಿಟ್ಟಾಗಬೇಡಿ. ರಾತ್ರಿಯೆಲ್ಲ ನಿದ್ದೆ ಇಲ್ಲದವರು ಯಾರು ಏನು ಹೇಳಿದರೂ ಮಾಡಿ ನೋಡುತ್ತಾರೆ. ಆದರೆ ಹಲ್ಲಿನಲ್ಲಿ ಹುಳ ಇರುವುದಿಲ್ಲ. ಹುಳುಕು ಆಗುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳಿಂದ. ನಾವು ತಿಂದ ಸಕ್ಕರೆ, ಹಿಟ್ಟಿನ ಪದಾರ್ಥಗಳನ್ನು ಅವು ಹುಳಿ ಮಾಡುತ್ತವೆ, ಆ ಹುಳಿ ಹಲ್ಲನ್ನು ಕರಗಿಸುತ್ತದೆ. ಬಿಸಿಗೆ ಬೀಜ ಸಿಡಿದಾಗ ಒಳಗಿನ ಬೆಳ್ಳನೆಯ ಮೊಳಕೆ ಹೊರಗೆ ಬರುತ್ತದೆ, ಕೆಳಗೆ ಬಿದ್ದರೆ ಹುಳದ ಹಾಗೇ ಕಾಣುತ್ತದೆ. ಇದಕ್ಕಿಂತ ನನಗೆ ಚಿಂತೆ ತರುವುದು ಕಡ್ಡಿಪುಡಿ. ನೋವಿರುವ ಹಲ್ಲಿನ ಪಕ್ಕ ಕಡ್ಡಿಪುಡಿ ಅದುಮಿಟ್ಟುಕೊಳ್ಳುವ ಹೆಂಗಸರು ನಮ್ಮ ಕಡೆ ಬಹಳ ಇದ್ದಾರೆ. ಹಲ್ಲುನೋವಿಗೆ ಅಂತ ಶುರುವಾಗಿ ಅಭ್ಯಾಸವಾಗಿ ಉಳಿದುಬಿಡುತ್ತದೆ. ಬಾಯಿ ಕ್ಯಾನ್ಸರ್‌ಗೆ ಅದು ನೇರ ದಾರಿ. ತಾಯಿಯನ್ನು ಒಮ್ಮೆ ಮೆಲ್ಲಗೆ ಕೇಳಿ ನೋಡಿ. ಲವಂಗದ ಎಣ್ಣೆ ಹಚ್ಚಿದರೆ ಸ್ವಲ್ಪ ಹೊತ್ತು ಜೋಮು ಹಿಡಿದ ಹಾಗಾಗುತ್ತದೆ, ಆದರೆ ಜಾಸ್ತಿ ಹಚ್ಚಿದರೆ ವಸಡು ಸುಡುತ್ತದೆ. ಮಾತ್ರೆ ಪುಡಿ ಮಾಡಿ ವಸಡಿಗೆ ಇಡುವುದಂತೂ ಬೇಡವೇ ಬೇಡ.

ಕಣ್ಣಿನ ಹೆದರಿಕೆ ಎಷ್ಟು ಆಳವಾಗಿ ಬೇರೂರಿದೆ ಅಂದರೆ, ಓದಿದವರೂ ಕೀಳಿಸುವ ಮುಂಚೆ ಒಮ್ಮೆ ಕೇಳಿಯೇ ಕೇಳುತ್ತಾರೆ. ನೋಟದ ನರ ಕಣ್ಣಿನ ಹಿಂಭಾಗದಿಂದ ನೇರ ಮೆದುಳಿಗೆ ಹೋಗುತ್ತದೆ. ಹಲ್ಲಿನ ನೋವು ಒಯ್ಯುವ ನರವೇ ಬೇರೆ, ಅದರ ದಾರಿಯೇ ಬೇರೆ. ಹಲ್ಲು ಕಿತ್ತರೂ, ರೂಟ್ ಕೆನಾಲ್ ಮಾಡಿದರೂ ನೋಟ ಕಮ್ಮಿಯಾಗುವುದಿಲ್ಲ. ಈ ನಂಬಿಕೆ ಯಾಕೆ ಬಂತು ಅಂತ ನನ್ನ ಊಹೆ ಹೇಳುತ್ತೇನೆ. ಹಲ್ಲು ಹೋಗುವ ವಯಸ್ಸು, ಕಣ್ಣು ಮಂಜಾಗುವ ವಯಸ್ಸು ಎರಡೂ ಒಂದೇ. ಒಂದಾದ ಮೇಲೆ ಇನ್ನೊಂದು ಆದಾಗ ಜನ ಗಂಟು ಹಾಕಿದರು. ಪೊರೆ ಆಪರೇಷನ್ ಆಗಿ ವರ್ಷವಾಗಿದೆ, ಅದರಿಂದ ಯಾವ ಅಡ್ಡಿಯೂ ಇಲ್ಲ.

ಕ್ಯಾನ್ಸರ್ ವಿಡಿಯೋಗೆ ನೂರು ವರ್ಷದ ಹಿಂದಿನ ಕಥೆ ಇದೆ. 1920ರ ದಶಕದಲ್ಲಿ ವೆಸ್ಟನ್ ಪ್ರೈಸ್ ಎಂಬ ಅಮೆರಿಕದ ದಂತವೈದ್ಯರು ರೂಟ್ ಕೆನಾಲ್ ಆದ ಹಲ್ಲುಗಳನ್ನು ಕಿತ್ತು ಮೊಲಗಳ ಚರ್ಮದ ಕೆಳಗೆ ಇಟ್ಟು ನೋಡಿದರು. ಮೊಲಗಳು ಕಾಯಿಲೆ ಬಿದ್ದವು. ಹಲ್ಲಿನಿಂದಲೇ ಮೈಗೆಲ್ಲ ರೋಗ ಅಂತ ಅವರು ಸಾರಿದರು. ಆ ಕಾಲದಲ್ಲಿ ಎಷ್ಟೋ ಜನರ ಉಳಿಯಬಹುದಾದ ಹಲ್ಲುಗಳನ್ನು ಇದೇ ಹೆದರಿಕೆಗೆ ಕಿತ್ತರು. ಮುಂದೆ ಸರಿಯಾದ ಕಟ್ಟುನಿಟ್ಟಿನಲ್ಲಿ ಮತ್ತೆ ಮಾಡಿದ ಪ್ರಯೋಗಗಳಲ್ಲಿ ಅದು ನಿಲ್ಲಲಿಲ್ಲ. 1950ರ ಹೊತ್ತಿಗೆ ವೈದ್ಯರು ಅದನ್ನು ಕೈಬಿಟ್ಟರು. ಅದೇ ಮಾತು ಈಗ ವಿಡಿಯೋ ಆಗಿ ಸುತ್ತುತ್ತಿದೆ. ರೂಟ್ ಕೆನಾಲ್‌ನಿಂದ ಕ್ಯಾನ್ಸರ್ ಬರುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ.

ಶುಗರ್ ಬಗ್ಗೆ ತಾಯಿಯ ಹೆದರಿಕೆಯಲ್ಲಿ ಮಾತ್ರ ಅರ್ಧ ಸತ್ಯ ಇದೆ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಗಾಯ ಮಾಯುವುದು ತಡ, ಸೋಂಕು ಹರಡುವುದು ಬೇಗ. ಆದರೆ ಅದರ ಇನ್ನೊಂದು ಮುಖವನ್ನು ಯಾರೂ ಹೇಳುವುದಿಲ್ಲ. ಬಾಯಲ್ಲಿ ಕೀವು ಇಟ್ಟುಕೊಂಡರೆ ಶುಗರ್ ಕೂಡ ಹತೋಟಿಗೆ ಬರುವುದು ಕಷ್ಟ. ಅಂದರೆ ಶುಗರ್ ಇರುವುದರಿಂದ ಹಲ್ಲಿಗೆ ಕೈ ಹಾಕಬಾರದು ಅನ್ನುವುದಕ್ಕಿಂತ, ಶುಗರ್ ಇರುವುದರಿಂದಲೇ ತಡ ಮಾಡಬಾರದು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಏಳು, ಏಳೂವರೆ ಹತ್ತಿರ ಇದ್ದರೆ ಯಾವ ಚಿಂತೆಯೂ ಇಲ್ಲದೆ ಮುಂದುವರಿಯಬಹುದು. ತುಂಬ ಜಾಸ್ತಿ ಇದ್ದರೆ ಕೀವು, ನೋವಿಗೆ ಬೇಕಾದ ತುರ್ತು ಕೆಲಸ ಈಗಲೇ ಮಾಡಿ, ದೊಡ್ಡ ಕೆಲಸಗಳನ್ನು ಶುಗರ್ ಇಳಿದ ಮೇಲೆ ಇಟ್ಟುಕೊಳ್ಳುತ್ತೇವೆ.

ಕ್ಲಿನಿಕ್‌ಗೆ ಬೆಳಿಗ್ಗೆ ಹೊತ್ತು ಕರೆದುಕೊಂಡು ಹೋಗಿ. ತಿಂಡಿ ತಿಂದು, ಶುಗರ್ ಮಾತ್ರೆ ತಗೊಂಡೇ ಹೋಗಬೇಕು. ಆಪರೇಷನ್ ಅಂದುಕೊಂಡು ಖಾಲಿ ಹೊಟ್ಟೆಯಲ್ಲಿ ಬರುವವರು ಬಹಳ, ಕುರ್ಚಿಯಲ್ಲಿ ಕೂತ ಮೇಲೆ ಶುಗರ್ ಇಳಿದು ತಲೆಸುತ್ತು ಬರುತ್ತದೆ. ಅವರು ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಜೊತೆಗೆ ಒಯ್ಯಿರಿ. ಬಿಪಿಗೆ ಆಮ್ಲೊಡಿಪಿನ್ ಇದ್ದರೆ ಕೆಲವರಿಗೆ ವಸಡು ದಪ್ಪ ಆಗುತ್ತದೆ, ಡಾಕ್ಟರು ಅದನ್ನು ಗಮನಿಸಬೇಕು. ರಕ್ತ ತೆಳು ಮಾಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಇದ್ದರೆ ನೀವಾಗೇ ನಿಲ್ಲಿಸಬೇಡಿ. ಒಂದು ಹಲ್ಲಿನ ಕೆಲಸಕ್ಕೆ ಸಾಮಾನ್ಯವಾಗಿ ನಿಲ್ಲಿಸುವ ಅಗತ್ಯವೇ ಇರುವುದಿಲ್ಲ. ನಿಲ್ಲಿಸಿದರೆ ಹೃದಯಕ್ಕೆ ಆಗುವ ಅಪಾಯವೇ ದೊಡ್ಡದು. ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆಯೋ ಇಂಜೆಕ್ಷನ್ನೋ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ. ಅಂಥವರಿಗೆ ಹಲ್ಲು ಕಿತ್ತರೆ ದವಡೆ ಮೂಳೆ ಮಾಯದೆ ಉಳಿಯುವ ಅಪರೂಪದ ತೊಂದರೆ ಇದೆ. ಅದು ಗೊತ್ತಿದ್ದರೆ ಕೀಳುವುದಕ್ಕಿಂತ ಉಳಿಸುವ ಕಡೆಗೇ ನಾವು ವಾಲುತ್ತೇವೆ.

ಈಗ ಮುಖ್ಯ ಪ್ರಶ್ನೆ. ನಿಮ್ಮ ಮನೆಯಲ್ಲಿ ಎಲ್ಲರೂ ರೇಟಿನಿಂದ ಮಾತು ಶುರು ಮಾಡಿದ್ದಾರೆ. ನಾನು ಎಕ್ಸ್‌ರೇಯಿಂದ ಶುರು ಮಾಡುತ್ತೇನೆ. ಹಲ್ಲು ಉಳಿಸಲು ಯೋಗ್ಯವಾ ಅಂತ ಮೊದಲು ಗೊತ್ತಾಗಬೇಕು. ಹುಳುಕೆಲ್ಲ ತೆಗೆದ ಮೇಲೆ ವಸಡಿನ ಮೇಲೆ ಸುತ್ತಲೂ ಎರಡು ಮಿಲಿಮೀಟರ್‌ನಷ್ಟಾದರೂ ಗಟ್ಟಿ ಹಲ್ಲು ಉಳಿಯುತ್ತದಾ? ಕ್ಯಾಪ್‌ಗೆ ಹಿಡಿತ ಸಿಗುವುದು ಅಲ್ಲೇ. ಹಲ್ಲು ಬೇರಿನವರೆಗೆ ಸೀಳಿದೆಯಾ? ಎಲೆ ಅಡಿಕೆ ಹಾಕುವವರಲ್ಲಿ, ಗಟ್ಟಿ ಅಡಿಕೆ ಕಡಿಯುವವರಲ್ಲಿ ಇಂಥ ಸೀಳು ಸಾಮಾನ್ಯ. ಸೀಳು ಬೇರಿಗೆ ಇಳಿದಿದ್ದರೆ ಯಾವ ಚಿಕಿತ್ಸೆಯೂ ಅದನ್ನು ಉಳಿಸುವುದಿಲ್ಲ. ಹಲ್ಲನ್ನು ಹಿಡಿದಿರುವ ಮೂಳೆ ಎಷ್ಟಿದೆ? ಶುಗರ್ ಇರುವವರಿಗೆ ವಸಡಿನ ರೋಗ ಜಾಸ್ತಿ, ಹಲ್ಲು ಅಲುಗಾಡುತ್ತಿದ್ದರೆ ಒಳಗಿನ ನರ ಸ್ವಚ್ಛ ಮಾಡಿ ಏನೂ ಪ್ರಯೋಜನವಿಲ್ಲ. ಈ ಮೂರಕ್ಕೂ ಉತ್ತರ ಸರಿಯಾಗಿ ಬಂದರೆ ಉಳಿಸಿ. ಒಂದರಲ್ಲಿ ಸೋತರೂ ಕೀಳಿಸುವುದೇ ಸರಿ. ಆಗ ನಿಮ್ಮ ಮಾವ ಹೇಳಿದ್ದೇ ಬುದ್ಧಿವಂತಿಕೆ.

ಉಳಿಯುವ ಹಲ್ಲಾದರೆ ನನ್ನ ಸಲಹೆ ರೂಟ್ ಕೆನಾಲ್. ಇದು ಆರು ವರ್ಷಕ್ಕೆ ಬಾಯಿಗೆ ಬರುವ ಹಲ್ಲು, ಅಗಿಯುವ ಕೆಲಸದ ದೊಡ್ಡ ಪಾಲು ಇದರದ್ದು. ಜೋಮು ಹಿಡಿಯುವ ಇಂಜೆಕ್ಷನ್ ಕೊಟ್ಟು, ಹಲ್ಲಿನ ಮೇಲೆ ಸಣ್ಣ ಕಿಂಡಿ ಮಾಡಿ, ಬೇರಿನೊಳಗಿನ ಕಾಲುವೆಗಳನ್ನು ಸೂಜಿಯಂಥ ಫೈಲ್‌ಗಳಿಂದ ತೊಳೆದು, ಔಷಧಿ ಹಾಕಿ, ಕೊನೆಗೆ ರಬ್ಬರಿನಂಥ ವಸ್ತು ತುಂಬಿ ಮುಚ್ಚುತ್ತೇವೆ. ಈ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಮೂರು ಅಥವಾ ನಾಲ್ಕು ಕಾಲುವೆ. ಬಾಯಿಯ ಮುಂಭಾಗದ ಹಲ್ಲಿಗೆ ಹೆಚ್ಚಾಗಿ ಒಂದೇ ಕಾಲುವೆ, ಅದಕ್ಕೇ ದವಡೆ ಹಲ್ಲಿಗೆ ರೇಟು ಜಾಸ್ತಿ. ಒಂದೇ ದಿನದಲ್ಲಿ ಮುಗಿಸಿದರೂ, ಎರಡು ಮೂರು ಸಲ ಕರೆದರೂ ಫಲಿತಾಂಶದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಕೀವು ಬರುತ್ತಿದ್ದರೆ ಮಧ್ಯೆ ಒಂದು ವಾರ ಔಷಧಿ ಇಟ್ಟು ನೋಡುವುದು ನನಗೆ ಇಷ್ಟ.

ನೋವಿನ ಬಗ್ಗೆ: ಜೋಮು ಸರಿಯಾಗಿ ಹಿಡಿದರೆ ಕೆಲಸ ಮಾಡುವಾಗ ನೋವು ಇರುವುದಿಲ್ಲ. ಉರಿಯೂತ ಜೋರಾಗಿರುವ ಕೆಳದವಡೆ ಹಲ್ಲಿಗೆ ಕೆಲವೊಮ್ಮೆ ಒಂದು ಇಂಜೆಕ್ಷನ್ ಸಾಲುವುದಿಲ್ಲ, ಇನ್ನೊಂದು ಕೊಡಬೇಕಾಗುತ್ತದೆ. ನೋವು ಅನ್ನಿಸಿದರೆ ಎಡಗೈ ಎತ್ತಿ ಅಂತ ತಾಯಿಗೆ ಹೇಳಿಕೊಡಿ, ಡಾಕ್ಟರು ನಿಲ್ಲಿಸುತ್ತಾರೆ. ಮುಗಿದ ಮೇಲೆ ಎರಡು ಮೂರು ದಿನ ಅಗಿಯುವಾಗ ನೋವು ಇರಬಹುದು, ತಾನಾಗೇ ಹೋಗುತ್ತದೆ. ಯಶಸ್ಸು ಹೆಚ್ಚು ಕಮ್ಮಿ ನೂರಕ್ಕೆ 85ರಿಂದ 90. ಬೇರಿನ ತುದಿಯಲ್ಲಿ ಆಗಲೇ ಸೋಂಕು ಇದ್ದರೆ, ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಸ್ವಲ್ಪ ಕಮ್ಮಿ. ಕಾಲುವೆ ಒಳಗೆ ಫೈಲ್ ಮುರಿಯುವುದು, ಒಂದು ಕಾಲುವೆ ಸಿಗದೇ ಉಳಿಯುವುದು, ಸೋಂಕು ಮರಳಿ ಬರುವುದು, ಇವೆಲ್ಲ ಒಳ್ಳೆಯ ಕೈಯಲ್ಲೂ ಆಗಬಹುದು. ಆಗ ಮತ್ತೊಮ್ಮೆ ಬಿಚ್ಚಿ ಮಾಡಬೇಕಾಗಬಹುದು, ಇಲ್ಲವೇ ಕೀಳಬೇಕಾಗಬಹುದು. ಇದನ್ನು ಮೊದಲೇ ಹೇಳುವ ಡಾಕ್ಟರನ್ನು ನಂಬಿ.

ಪಕ್ಕದ ಮನೆಯವರ ಹಲ್ಲು ಮುರಿದದ್ದು ನನಗೆ ಆಶ್ಚರ್ಯ ತರಲಿಲ್ಲ. ಒಂದು ಸಲ ಕೇಳಿ ನೋಡಿ, ಅವರು ಕ್ಯಾಪ್ ಹಾಕಿಸಿರಲಿಕ್ಕಿಲ್ಲ. ನೋವು ಹೋಯಿತಲ್ಲ, ಕ್ಯಾಪ್ ಆಮೇಲೆ ನೋಡೋಣ ಅಂತ ಹೋದವರು ವರ್ಷದ ಮೇಲೆ ಮುರಿದ ಹಲ್ಲು ಹಿಡಿದು ಬರುವುದನ್ನು ನಾನು ಪದೇ ಪದೇ ನೋಡುತ್ತೇನೆ. ಇದು ನನಗೆ ನಿಜವಾಗಿಯೂ ಬೇಸರ ತರುವ ವಿಷಯ. ಹುಳುಕು ತಿಂದು, ಕಿಂಡಿ ಕೊರೆದು ಹಲ್ಲು ಒಳಗೆ ಟೊಳ್ಳಾಗಿರುತ್ತದೆ. ಅದರ ಮೇಲೆ ದವಡೆಯ ಪೂರ್ತಿ ಒತ್ತಡ ಬೀಳುತ್ತದೆ. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ರೂಟ್ ಕೆನಾಲ್ ಆಗಿ ಕ್ಯಾಪ್ ಇಲ್ಲದ ಹಲ್ಲುಗಳು ಕ್ಯಾಪ್ ಇದ್ದವಕ್ಕಿಂತ ಆರು ಪಟ್ಟು ಹೆಚ್ಚು ವೇಗದಲ್ಲಿ ಹೋದವು. ಮುಂದಿನ ಹಲ್ಲಿಗೆ ಕೆಲವೊಮ್ಮೆ ಕ್ಯಾಪ್ ಇಲ್ಲದೆ ನಡೆಯುತ್ತದೆ. ದವಡೆ ಹಲ್ಲಿಗೆ ನಡೆಯುವುದಿಲ್ಲ.

ಇಬ್ಬರು ಡಾಕ್ಟರ ರೇಟನ್ನು ಈಗ ಮತ್ತೊಮ್ಮೆ ನೋಡಿ. ರೂಟ್ ಕೆನಾಲ್‌ಗೆ ಇಬ್ಬರ ನಡುವೆ ಇರುವುದು 500 ರೂಪಾಯಿ ವ್ಯತ್ಯಾಸ. ದೊಡ್ಡ ವ್ಯತ್ಯಾಸ ಇರುವುದು ಕ್ಯಾಪ್‌ನಲ್ಲಿ, ಅಂದರೆ ಅದನ್ನು ಮಾಡುವ ವಸ್ತುವಿನಲ್ಲಿ. ಪೂರ್ತಿ ಮೆಟಲ್ ಕ್ಯಾಪ್ ನಮ್ಮ ಕಡೆ ಒಂದೂವರೆಯಿಂದ ಎರಡೂವರೆ ಸಾವಿರದ ಆಸುಪಾಸು. ಒಳಗೆ ಮೆಟಲ್, ಹೊರಗೆ ಹಲ್ಲಿನ ಬಣ್ಣದ ಸೆರಾಮಿಕ್ ಇರುವುದು ಮೂರರಿಂದ ಆರು ಸಾವಿರ. ಅರಸೀಕೆರೆ ಡಾಕ್ಟರು ಹೇಳಿದ್ದು ಬಹುಶಃ ಇದು. ಪೂರ್ತಿ ಬಿಳಿಯ ಜಿರ್ಕೋನಿಯಾ ಏಳು ಸಾವಿರದಿಂದ ಹದಿನೈದರವರೆಗೂ ಇದೆ. ಬೆಂಗಳೂರಿನಲ್ಲಿ ಎಲ್ಲವೂ ಇನ್ನೂ ಜಾಸ್ತಿ. ಇಬ್ಬರೂ ನಿಮಗೆ ಮೋಸ ಮಾಡುತ್ತಿಲ್ಲ, ಬೇರೆ ಬೇರೆ ಸಾಮಾನಿನ ಬೆಲೆ ಹೇಳಿದ್ದಾರೆ ಅಷ್ಟೇ.

ವಾರಂಟಿ ಅನ್ನುವುದನ್ನು ಸರಿಯಾಗಿ ತಿಳಿದುಕೊಳ್ಳಿ. ಅದನ್ನು ಕೊಡುವುದು ಕ್ಯಾಪ್ ಮಾಡುವ ಕಂಪನಿ ಅಥವಾ ಲ್ಯಾಬ್. ಕ್ಯಾಪ್ ಒಡೆದರೆ ಬದಲಾಯಿಸಿ ಕೊಡುತ್ತಾರೆ. ಕ್ಯಾಪ್ ಕೆಳಗೆ ಹಲ್ಲು ಹುಳುಕಾದರೆ, ಬೇರು ಸೀಳಿದರೆ, ವಸಡು ಹೋದರೆ ಆ ಕಾರ್ಡಿಗೆ ಬೆಲೆಯಿಲ್ಲ. ಹಲ್ಲು ಹದಿನೈದು ವರ್ಷ ಇರುತ್ತದೆ ಅಂತ ಯಾರೂ ಬರೆದುಕೊಡಲು ಆಗುವುದಿಲ್ಲ.

ಹಾಗಾದರೆ ಯಾವುದು? ಕೆಳದವಡೆಯ ಹಿಂದಿನ ಹಲ್ಲು, ನಕ್ಕರೂ ಅಷ್ಟಾಗಿ ಕಾಣುವುದಿಲ್ಲ. ದುಡ್ಡಿನ ಯೋಚನೆ ಇದ್ದರೆ ಮೆಟಲ್ ಕ್ಯಾಪ್ ಹಾಕಿಸಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಅದಕ್ಕೆ ಹಲ್ಲನ್ನು ಕಮ್ಮಿ ಉಜ್ಜಿದರೆ ಸಾಕು, ಒಡೆಯುವುದಿಲ್ಲ, ವರ್ಷಗಟ್ಟಲೆ ಬಾಳುತ್ತದೆ. ಸೆರಾಮಿಕ್ ಮೇಲ್ಪದರ ಚಕ್ಕೆ ಏಳಬಹುದು, ಅದರಲ್ಲೂ ಅಡಿಕೆ ಅಗಿಯುವವರಿಗೆ. ಜಿರ್ಕೋನಿಯಾ ಗಟ್ಟಿ, ಚೆನ್ನಾಗೂ ಕಾಣುತ್ತದೆ, ಕೈಯಲ್ಲಿ ಇದ್ದರೆ ಹಾಕಿಸಿ, ಇಲ್ಲದಿದ್ದರೆ ಸಾಲ ಮಾಡಬೇಡಿ. ಉಳಿತಾಯ ಕ್ಯಾಪ್‌ನ ಬಣ್ಣದಲ್ಲಿ ಆಗಲಿ, ಕ್ಯಾಪ್ ಬಿಟ್ಟು ಆಗುವುದು ಬೇಡ.

ಇನ್ನು ಕೀಳಿಸುವ ಲೆಕ್ಕ. ಐನೂರಕ್ಕೆ ನೋವು ಮುಗಿಯುತ್ತದೆ, ಸುಳ್ಳಲ್ಲ. ಆದರೆ ಜಾಗ ಖಾಲಿ ಬಿಟ್ಟರೆ ಹಿಂದಿನ ಹಲ್ಲು ನಿಧಾನವಾಗಿ ಮುಂದಕ್ಕೆ ವಾಲುತ್ತದೆ, ಮೇಲಿನ ಹಲ್ಲು ಕೆಳಕ್ಕೆ ಇಳಿಯುತ್ತದೆ. ಸಂದಿಯಲ್ಲಿ ಅನ್ನ ಸಿಕ್ಕಿಕೊಂಡು ಅವೂ ಹುಳುಕಾಗುತ್ತವೆ. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಹೆದರಿಸುವುದಿಲ್ಲ, ಕೆಲವರಿಗೆ ವರ್ಷಗಟ್ಟಲೆ ಏನೂ ಆಗದೇ ಇರಬಹುದು. ಇದೇ ತೊಂದರೆ ಬುದ್ಧಿ ಹಲ್ಲಿಗೆ ಬಂದಿದ್ದರೆ ಕೀಳಿಸಿ ಸುಮ್ನೆ ಇರಿ ಅನ್ನುತ್ತಿದ್ದೆ. ಕೊನೆಯ ಹಲ್ಲಾಗಿದ್ದರೂ ಎಷ್ಟೋ ಸಲ ಜಾಗ ತುಂಬುವ ಅಗತ್ಯ ಇರುವುದಿಲ್ಲ. ಮೊದಲ ದವಡೆ ಹಲ್ಲು ಮಾತ್ರ ಹೋದರೆ ಊಟದಲ್ಲಿ ಗೊತ್ತಾಗುತ್ತದೆ.

ಖಾಲಿ ಜಾಗ ತುಂಬಿಸಲು ಹೊರಟರೆ ಖರ್ಚು ಬೇರೆಯೇ. ತೆಗೆದು ಹಾಕುವ ಒಂದು ಹಲ್ಲಿನ ಸೆಟ್ಟಿಗೆ ಒಂದೂವರೆ, ಮೂರು ಸಾವಿರ. ಅಗ್ಗ, ಆದರೆ ಅಗಿಯಲು ಹಿತವಾಗಿರುವುದಿಲ್ಲ. ಬಹಳ ಜನ ಡಬ್ಬಿಯಲ್ಲಿ ಇಟ್ಟು ಮರೆತುಬಿಡುತ್ತಾರೆ. ಬ್ರಿಡ್ಜ್ ಅಂದರೆ ಅಕ್ಕಪಕ್ಕದ ಎರಡು ಹಲ್ಲುಗಳನ್ನು ಉಜ್ಜಿ, ಮೂರು ಕ್ಯಾಪ್ ಜೋಡಿಸಿ ಹಾಕುವುದು. ಅರಸೀಕೆರೆ ರೇಟಿನಲ್ಲೇ 12,000 ಆಯಿತು. ಅದರಲ್ಲಿ ನನಗೆ ಒಪ್ಪಿಗೆಯಾಗದ್ದು, ಒಂದು ಹಲ್ಲಿಗಾಗಿ ಎರಡು ಒಳ್ಳೆಯ ಹಲ್ಲುಗಳನ್ನು ಉಜ್ಜುವುದು. ಆ ಎರಡಕ್ಕೆ ಆಗಲೇ ದೊಡ್ಡ ಫಿಲ್ಲಿಂಗ್ ಇದ್ದರೆ ಮಾತು ಬೇರೆ. ಇಂಪ್ಲಾಂಟ್ ಅಂದರೆ ಮೂಳೆಗೆ ಟೈಟಾನಿಯಂ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವುದು. ಸ್ವೀಡನ್ನಿನ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಹಾಕಿದ ಮೇಲೆ ಈಗ ಪಳಗಿದ ಚಿಕಿತ್ಸೆಯಾಗಿದೆ. ಪಕ್ಕದ ಹಲ್ಲು ಮುಟ್ಟಬೇಕಿಲ್ಲ. ಖರ್ಚು ಇಪ್ಪತ್ತೈದು ಸಾವಿರದಿಂದ ಐವತ್ತರವರೆಗೆ, ಮೂರು ನಾಲ್ಕು ತಿಂಗಳು ಬೇಕು. ಶುಗರ್ ಹತೋಟಿಯಲ್ಲಿದ್ದರೆ ಮಾಡಬಹುದು. ಹತೋಟಿ ತಪ್ಪಿದರೆ, ತಂಬಾಕು ಇದ್ದರೆ ಸ್ಕ್ರೂ ಸುತ್ತ ಮೂಳೆ ಕರಗುವ ಅಪಾಯ ಜಾಸ್ತಿ. ಈ ಎಲ್ಲದರ ಪಕ್ಕದಲ್ಲಿ ರೂಟ್ ಕೆನಾಲ್ ಮತ್ತು ಕ್ಯಾಪ್‌ನ 8,500 ಇಟ್ಟು ನೋಡಿ. ಮೆಟಲ್ ಕ್ಯಾಪ್ ಆದರೆ ಏಳು ಸಾವಿರದೊಳಗೆ. ಉಳಿಯುವ ಹಲ್ಲಾದರೆ ಉಳಿಸುವುದೇ ಅಗ್ಗ.

ಅಷ್ಟೂ ಕಷ್ಟ ಅನ್ನಿಸಿದರೆ ಹಾಸನದ ಹಾಸನಾಂಬ ಡೆಂಟಲ್ ಕಾಲೇಜಿನಲ್ಲಿ ಕೇಳಿ. ಡೆಂಟಲ್ ಕಾಲೇಜುಗಳಲ್ಲಿ ಖಾಸಗಿ ಕ್ಲಿನಿಕ್‌ಗಿಂತ ಸಾಕಷ್ಟು ಕಮ್ಮಿ ಆಗುತ್ತದೆ. ವಿದ್ಯಾರ್ಥಿಗಳು ಮಾಡುತ್ತಾರೆ ಅಂತ ಹಿಂಜರಿಯಬೇಡಿ, ಪ್ರತಿ ಹಂತವನ್ನೂ ಪ್ರೊಫೆಸರ್ ನೋಡಿಯೇ ಮುಂದೆ ಬಿಡುತ್ತಾರೆ. ಹೊತ್ತು ಮಾತ್ರ ಜಾಸ್ತಿ ಹಿಡಿಯುತ್ತದೆ, ನಾಲ್ಕೈದು ಸಲ ಓಡಾಡಬೇಕಾಗಬಹುದು. ನಿಮ್ಮ ಜೊತೆ ಬೆಂಗಳೂರಿನಲ್ಲಿ ಕೆಲವು ವಾರ ಇರುವುದಾದರೆ ಅಲ್ಲಿನ ಸರ್ಕಾರಿ ದಂತ ಕಾಲೇಜು ಇದೆ. ತಾಲೂಕು ಆಸ್ಪತ್ರೆಯ ದಂತವೈದ್ಯರು ಪರೀಕ್ಷೆ ಮಾಡಿ, ಹಲ್ಲು ಕೀಳುವ ಕೆಲಸವನ್ನಂತೂ ಮಾಡುತ್ತಾರೆ. ದಂತಭಾಗ್ಯ ಯೋಜನೆಯ ಬಗ್ಗೆ ಜನ ಕೇಳುತ್ತಾರೆ, ಅದು ಹಲ್ಲೆಲ್ಲ ಹೋದ ಬಿಪಿಎಲ್ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡುವುದಕ್ಕೆ ಬಂದದ್ದು, ರೂಟ್ ಕೆನಾಲ್‌ಗೆ ಅಲ್ಲ. ನಿಮ್ಮ ಕಂಪನಿಯ ಹೆಲ್ತ್ ಇನ್ಶೂರೆನ್ಸ್‌ನಲ್ಲಿ ತಂದೆ ತಾಯಿಯ ಹಲ್ಲಿನ ಚಿಕಿತ್ಸೆ ಇದೆಯಾ ನೋಡಿ. ಹೆಚ್ಚಿನ ಪಾಲಿಸಿಗಳಲ್ಲಿ ಇರುವುದಿಲ್ಲ, ಕೆಲವದರಲ್ಲಿ ಇರುತ್ತದೆ.

ಡಾಕ್ಟರ ಹತ್ತಿರ ಹೋದಾಗ ಎಕ್ಸ್‌ರೇಯನ್ನು ಪರದೆಯ ಮೇಲೆ ತೋರಿಸಿ ಅಂತ ಕೇಳಿ, ಫೋನ್‌ನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಒಟ್ಟು ಖರ್ಚಿನಲ್ಲಿ ಎಕ್ಸ್‌ರೇ, ಒಳಗೆ ತುಂಬುವ ಫಿಲ್ಲಿಂಗ್, ಕ್ಯಾಪ್ ಎಲ್ಲ ಸೇರಿದೆಯಾ, ಯಾವ ವಸ್ತುವಿನ ಕ್ಯಾಪ್ ಅಂತ ಬರೆಸಿಕೊಳ್ಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಸಂಕೋಚ ಬೇಡ. ಮಧ್ಯದಲ್ಲಿ ಚಿಕಿತ್ಸೆ ಬಿಡಬೇಡಿ. ತಾತ್ಕಾಲಿಕ ಸಿಮೆಂಟ್ ಕೆಲವು ವಾರಕ್ಕೆ ಅಷ್ಟೇ. ಅದು ಸೋರಿದರೆ ಮೊದಲಿಂದ ಶುರು.

ಈ ನಡುವೆ ದವಡೆ ಕೆಳಗೆ ಅಥವಾ ಕುತ್ತಿಗೆ ಕಡೆ ಊತ ಬಂದರೆ, ಜ್ವರ ಬಂದರೆ, ಬಾಯಿ ತೆರೆಯಲು, ಎಂಜಲು ನುಂಗಲು, ಉಸಿರಾಡಲು ಕಷ್ಟವಾದರೆ ಬೆಳಗಾಗಲಿ ಅಂತ ಕಾಯಬೇಡಿ. ಕ್ಲಿನಿಕ್‌ಗೂ ಬೇಡ, ನೇರ ಹಾಸನದ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ. ಕೆಳದವಡೆ ಹಲ್ಲಿನ ಕೀವು ನಾಲಿಗೆ ಕೆಳಗೆ ಹರಡಿ ಉಸಿರು ಕಟ್ಟಿಸಬಲ್ಲದು, ಶುಗರ್ ಇರುವವರಲ್ಲಿ ಇನ್ನೂ ಬೇಗ. ಹೀಗಾಗುವುದು ಕಮ್ಮಿ, ಆದರೆ ಆದಾಗ ಗಂಟೆಗಳ ಲೆಕ್ಕ.

ಎಲ್ಲ ಸರಿಯಾಗಿ ನಡೆದು ಕ್ಯಾಪ್ ಕೂತ ಮೇಲೆ ಆರು ತಿಂಗಳಿಗೊಮ್ಮೆ ವಸಡು ತೋರಿಸಿ, ವರ್ಷಕ್ಕೆ ಒಂದು ಎಕ್ಸ್‌ರೇ ತೆಗೆಸಿ ಬೇರಿನ ತುದಿಯ ಮೂಳೆ ತುಂಬಿದೆಯಾ ನೋಡಿಸಿ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಲ್ಲಿಗೆ ಅಂಟಿದ ಗಟ್ಟಿ ಪಾಚಿ ತೆಗೆದಾಗ ಮೊದಲೇ ಇದ್ದ ಸಂದಿ ಕಾಣುತ್ತದೆ ಅಷ್ಟೇ. ಕ್ಯಾಪ್‌ನ ಅಂಚು ವಸಡಿಗೆ ಸೇರುವ ಜಾಗವನ್ನು ರಾತ್ರಿ ಮಲಗುವ ಮುಂಚೆ ಮೃದು ಬ್ರಷ್, ಫ್ಲೋರೈಡ್ ಇರುವ ಪೇಸ್ಟ್‌ನಿಂದ ಚೆನ್ನಾಗಿ ತಿಕ್ಕಲು ಹೇಳಿ. ಹೊಸ ಹುಳುಕು ಶುರುವಾಗುವುದು ಅಲ್ಲಿಂದಲೇ.